ಮೂಗು ಮೊದಲು, ಯಂತ್ರ ಆಮೇಲೆ

ಹನ್ನೊಂದನೇ ತಾರೀಕು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಆ ಹೆಂಗಸು ಠಾಣೆಗೆ ಬಂದಾಗ ಇನ್‌ಸ್ಪೆಕ್ಟರು ನೆಗಡಿಯಿಂದ ಕಂಗೆಟ್ಟು ಕೂತಿದ್ದರು. ಮೂರು ದಿನದಿಂದ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದ ಅವರಿಗೆ ಯಾರ ದೂರನ್ನೂ ಕೇಳುವ ಉಮೇದು ಇರಲಿಲ್ಲ. ಆಕೆ ಕಣ್ಣಿನ ಆಪರೇಷನ್ ಆದವರ ಕಪ್ಪು ಕನ್ನಡಕ ಹಾಕಿದ್ದಳು. ಕೈಯಲ್ಲಿ ಮಗಳ ಒಂದೇ ಒಂದು ಚಪ್ಪಲಿ ಇತ್ತು.

"ಬಾಗಿಲು ತಾನೇ ಬೀಗ ಹಾಕ್ಕೊಳ್ಳುತ್ತಾ ಸಾಹೇಬ್ರೇ?"

"ಯಾವ ಬಾಗಿಲಮ್ಮಾ?"

"ನನ್ನ ಮಗಳು ಒಳಗಿದ್ದ ಬಾಗಿಲು. ಎಣ್ಣೆ ಕಾರ್ಖಾನೇಲಿ. ಹೊರಗಡೆ ಚಿಲಕ, ಅದಕ್ಕೆ ಬೀಗ. ಅವ್ರು ಆಕಸ್ಮಿಕ ಅಂತಾರೆ. ಅವಳು ಆಸ್ಪತ್ರೇಲಿ ಕಣ್ಣೇ ಬಿಡ್ತಿಲ್ಲ."

ಇನ್‌ಸ್ಪೆಕ್ಟರು ಕರವಸ್ತ್ರ ಕೆಳಗಿಟ್ಟರು. ಕಾರ್ಖಾನೆ ಊರಾಚೆ ಇತ್ತು. ಎಲೆ, ತೊಗಟೆ, ಹುಲ್ಲುಗಳಿಂದ ಸುಗಂಧದ ಎಣ್ಣೆ ಭಟ್ಟಿ ಇಳಿಸುವ ಜಾಗ. ಇಪ್ಪತ್ತನಾಲ್ಕು ವರ್ಷದ ಹುಡುಗಿ ಅಲ್ಲಿ ಪರೀಕ್ಷಾ ಯಂತ್ರ ನಡೆಸುತ್ತಿದ್ದಳು. ಯಾವ ಎಣ್ಣೆಯಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಅದು ಕಾಗದದ ಮೇಲೆ ಏರಿಳಿತದ ಗೆರೆ ಎಳೆದು ತೋರಿಸುತ್ತದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆಕೆ ಎಣ್ಣೆಯ ಡ್ರಮ್ಮುಗಳನ್ನಿಡುವ ಬೆಚ್ಚಗಿನ ಕೋಣೆಯೊಳಗೆ ಸಿಕ್ಕಿಬಿದ್ದಳು. ಹನ್ನೆರಡು ನಲವತ್ತಕ್ಕೆ ಕಾವಲುಗಾರ ಬೀಗ ತೆಗೆದಾಗ ನೆಲದ ಮೇಲೆ ಬಿದ್ದು ಕೈಕಾಲು ಸೆಟೆದುಕೊಂಡಿದ್ದಳು.

ಮೂರು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಠಾಣೆಯಲ್ಲೆಲ್ಲ 'ಅಕ್ಕ' ಎಂದೇ ಹೆಸರಾದ ಮಹಿಳಾ ಹೆಡ್ ಕಾನ್‌ಸ್ಟೆಬಲ್ಲನ್ನು ಕರೆದುಕೊಂಡು ಇನ್‌ಸ್ಪೆಕ್ಟರು ನಾಲ್ಕು ಗಂಟೆಗೆ ಕಾರ್ಖಾನೆ ತಲುಪಿದರು.

ಮಾಲೀಕ ಗೇಟಿನಲ್ಲೇ ಕಾಯುತ್ತಿದ್ದ. "ಪೊಲೀಸ್ರು ಬರೋವರ್ಗೂ ಯಾರೂ ಮುಟ್ಟಬಾರ್ದು ಅಂತ ಕೋಣೆ ಮುಚ್ಚಿಸಿದೀನಿ" ಎಂದು ತಾನೇ ಬೀಗ ತೆಗೆದ. ಇನ್‌ಸ್ಪೆಕ್ಟರು ಸೀದಾ ಒಳಗೆ ನಡೆದರು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಎರಡು ಹೀಟರು, ಸಾಲಾಗಿ ಆರು ಡ್ರಮ್ಮು. ಮೂರನೆಯದರ ಅಡಿಯಿಂದ ಎಣ್ಣೆ ಜಿನುಗಿ ನಾಲ್ಕಡಿ ಅಗಲಕ್ಕೆ ಹರಡಿತ್ತು. ಬಾಗಿಲಿನ ಒಳಮೈಯಲ್ಲಿ ಉಗುರಿನಿಂದ ಕೆರೆದ ಗುರುತುಗಳಿದ್ದವು. ಅವನ್ನು ಎಣಿಸುತ್ತಿದ್ದಾಗ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳನುಗ್ಗಿ ಅವರ ತೋಳು ಹಿಡಿದು ಹೊರಗೆ ಎಳೆದಳು. ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಏನ್ ಸಾರ್, ಪ್ರಾಣದ ಮೇಲೆ ಆಸೆ ಇಲ್ವಾ? ಹೊಸ್ತಿಲಲ್ಲೇ ಉಸಿರು ಕಟ್ತಿದೆ!"

"ನನಗೇನೂ ಗೊತ್ತಾಗ್ಲಿಲ್ಲವಲ್ಲ."

"ನೆಗಡಿ ಮೂಗಿಗೆ ಏನ್ ಗೊತ್ತಾಗುತ್ತೆ!"

ಅದು ಕರ್ಪೂರದ ಎಣ್ಣೆ ಎಂದು ಮಾಲೀಕ ವಿವರಿಸಿದ. ತಂಪಾದರೆ ಕರ್ಪೂರ ಹರಳುಗಟ್ಟಿ ಡ್ರಮ್ಮಿನ ತಳ ಹಿಡಿಯುತ್ತದೆ, ಅದಕ್ಕೇ ಕೋಣೆ ಸದಾ ಬಿಸಿ. ಒಂದು ಹನಿ ಎದೆಗೆ ಹಚ್ಚಿದರೆ ಕಫ ಕರಗೀತು. ಅದೇ ಕೋಣೆ ತುಂಬ ಆವಿಯಾದರೆ ತಲೆಗೇರಿ ಮೂರ್ಛೆ ತರುತ್ತದೆ. ಬಾಯ್ಲರಿನ ಗದ್ದಲದಲ್ಲಿ ಹುಡುಗಿ ಬಾಗಿಲು ಬಡಿದದ್ದು ಯಾರಿಗೂ ಕೇಳಲಿಲ್ಲ. ಒಂದು ಗಂಟೆ ನಲವತ್ತು ನಿಮಿಷ ಅವಳು ಒಳಗಿದ್ದಳು ಎಂದು ಇನ್‌ಸ್ಪೆಕ್ಟರು ಲೆಕ್ಕ ಹಾಕಿದರು. ಅವರಿಗೂ ಅದೇ ವಯಸ್ಸಿನ ಮಗಳಿದ್ದಳು.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬಗ್ಗಿದ ಹೇರ್‌ಪಿನ್ನು ಒಂದು, ಚಪ್ಪಲಿ ಒಂದು, ಖಾಲಿ ಬಾಟಲಿ ಮೂರು. ಕಾವಲುಗಾರನ ಹೇಳಿಕೆ ಅಲ್ಲೇ ಬರೆಸಿಕೊಂಡರು.

"ಸೋರಿಕೆ ಯಾವಾಗಿಂದ?"

"ಬೆಳಿಗ್ಗೆ ಹತ್ತೂವರೆಯಿಂದ ವಾಸ್ನೆ ಜೋರಾಗಿತ್ತು ಸ್ವಾಮಿ. ಅಂಗಳದಲ್ಲಿ ಹುಲ್ಲು ಕಟ್ತಿದ್ದೋರು ತಡ್ಕೊಳ್ಳಕ್ಕಾಗ್ದೆ ಹಿಂದಗಡೆ ಹೋದ್ರು."

"ಬೀಗ ಯಾರು ಹಾಕಿದ್ದು?"

"ನೋಡಿಲ್ಲ ಸ್ವಾಮಿ. ಕೀಲಿ ಮೂಗಣ್ಣನ ಕೋಣೆ ಮೊಳೇಲಿರುತ್ತೆ. ಯಾರು ಬೇಕಾದ್ರೂ ತಗೋತಾರೆ."

ಮೂಗಣ್ಣ ಎಂದರೆ ಆ ಕಾರ್ಖಾನೆಯ ಮೂಗು. ಇಪ್ಪತ್ತಾರು ವರ್ಷದಿಂದ ಅವನು ಕಾಗದದ ಪಟ್ಟಿಯನ್ನು ಎಣ್ಣೆಗೆ ಅದ್ದಿ ಮೂಸಿ ನೋಡಿ 'ಸರಿ' ಎಂದರೆ ಮಾತ್ರ ಮಾಲು ಹೊರಗೆ ಹೋಗುತ್ತಿತ್ತು. ಹುಲ್ಲು ಕೊಯ್ದದ್ದು ಬೆಳಿಗ್ಗೆಯೋ ಸಂಜೆಯೋ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದನಂತೆ. ಅವನ ಕೋಣೆ ಆಸ್ಪತ್ರೆಯಷ್ಟು ಶುಭ್ರವಾಗಿತ್ತು. ಗೋಡೆಯ ಮೇಲೆ ಮಾಲೀಕನ ತಂದೆ ಬರೆಸಿದ ಫಲಕವಿತ್ತು: ಮೂಗು ಮೊದಲು, ಯಂತ್ರ ಆಮೇಲೆ.

"ಹಾಗಂದ್ರೆ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ಯಂತ್ರದ ಚೀಟಿ ನೋಡಿದ್ಮೇಲೆ ಮೂಗು ಚೀಟಿ ಹೇಳಿದ್ದನ್ನೇ ಹೇಳುತ್ತೆ ಸಾರ್. ಅದಕ್ಕೆ ಮೊದ್ಲು ಮೂಸಿ ಬರೀಬೇಕು, ಆಮೇಲೆ ಯಂತ್ರ" ಎಂದ ಮೂಗಣ್ಣ. ತೆಳ್ಳಗಿನ ಆಳು, ಮೃದು ಮಾತು.

"ಇವತ್ತು ಬೆಚ್ಚಗಿನ ಕೋಣೆ ಕಡೆ ಹೋಗಿದ್ರಾ?"

"ಹನ್ನೊಂದು ಗಂಟೆಗೆ. ಬಾಗಿಲು ತೆರೆದಿತ್ತು, ಇಣುಕಿ ನೋಡ್ದೆ, ಯಾರೂ ಕಾಣ್ಲಿಲ್ಲ. ಅಭ್ಯಾಸಬಲದಿಂದ ಬೀಗ ಹಾಕ್ದೆ. ಆ ಮಗು ಡ್ರಮ್ಮಿನ ಹಿಂದೆ ಇತ್ತೇನೋ. ನನ್ನ ಕೈಯಾರೆ ಹೀಗಾಯ್ತಲ್ಲ ಸಾರ್."

"ವಾಸನೆ?"

"ಎಂದಿನ ಹಾಗೇ ಇತ್ತು. ವಿಶೇಷ ಏನೂ ಇಲ್ಲ."

ಇನ್‌ಸ್ಪೆಕ್ಟರು ಅದನ್ನು ಅಕ್ಷರಶಃ ಬರೆದುಕೊಂಡು ಸಹಿ ಹಾಕಿಸಿದರು. ಜೀಪು ಹತ್ತಿದ ಮೇಲೆ ಅಕ್ಕ ಬಾಯಿ ತೆರೆದಳು. "ಕೂಲಿಯವ್ರಿಗೆ ಅಂಗಳದಲ್ಲಿ ಮೂಗು ಹಿಡ್ಕೊಳ್ಳೋ ಹಾಗಿತ್ತು. ಊರಿಗೆಲ್ಲ ಮೂಗು ಅನ್ನಿಸ್ಕೊಂಡವನಿಗೆ ಹೊಸ್ತಿಲಲ್ಲಿ ಏನೂ ಇಲ್ವಂತೆ!"

"ಅವನು ಸುಳ್ಳು ಹೇಳ್ತಿರಬಹುದು. ಇಲ್ಲಾ," ಎಂದು ಇನ್‌ಸ್ಪೆಕ್ಟರು ಸೀನಿದರು, "ನನ್ನ ಹಾಗಿರಬಹುದು."

ಬುಧವಾರ ಬೆಳಿಗ್ಗೆ ಎಂಟಕ್ಕೆ ಮೂರು ವರ್ಷದ ಪರೀಕ್ಷಾ ರಿಜಿಸ್ಟರುಗಳು ಠಾಣೆಯ ಮೇಜಿನ ಮೇಲಿದ್ದವು. ಅಕ್ಕ ಬೆರಳಿಟ್ಟು ಓದುತ್ತ ಹೋದಳು. ಮೊದಲ ಒಂದೂವರೆ ವರ್ಷವೆಲ್ಲ ಮೂಗಿನ ಸಹಿ ಹತ್ತು ಗಂಟೆಗೆ, ಯಂತ್ರದ ಸಹಿ ಹತ್ತೂವರೆಗೆ. ಒಂದೂವರೆ ವರ್ಷದ ಹಿಂದೆ ಮೂಗಣ್ಣ ಹದಿನೈದು ದಿನ ಜ್ವರಕ್ಕೆ ರಜೆ ಹಾಕಿದ್ದ. ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಯಂತ್ರ ಮೊದಲು, ಮೂಗು ಆಮೇಲೆ. ಒಂದೇ ಒಂದು ಮಾಲಿಗೆ, ಹದಿನೇಳನೇ ಲಾಟಿನ ನಿಂಬೆಹುಲ್ಲಿನ ಎಣ್ಣೆಗೆ, ಯಂತ್ರದ ಸಹಿಯೇ ಇರಲಿಲ್ಲ. ತಾಯಿಯ ಕಣ್ಣಿನ ಆಪರೇಷನ್‌ಗೆಂದು ಆ ಮಾಲು ಹೊರಟ ಎರಡು ದಿನ ಹುಡುಗಿ ಬಂದಿರಲಿಲ್ಲ.

ಒಂಬತ್ತೂವರೆಗೆ ಮತ್ತೆ ಕಾರ್ಖಾನೆ. ಮಂಗಳವಾರದ ಚೀಟಿ ಕಾಣೆಯಾಗಿತ್ತು. ಆದರೆ ಯಂತ್ರ ತನ್ನ ನೆನಪಿನಲ್ಲಿ ಅದನ್ನು ಉಳಿಸಿಕೊಂಡಿತ್ತು. ಮಾಲೀಕ ಅದನ್ನು ತೆಗೆದು ನೋಡಿ ಬೆಪ್ಪಾದ. ಮಂಗಳವಾರ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಹುಡುಗಿ ಹದಿನೇಳನೇ ಲಾಟಿನಿಂದ ತೆಗೆದಿರಿಸಿದ್ದ ಮಾದರಿಯನ್ನು ಪರೀಕ್ಷೆಗೆ ಹಾಕಿದ್ದಳು.

"ಈ ಎಣ್ಣೆಯ ಸತ್ವವೇ ಸಿಟ್ರಾಲ್, ನೂರಕ್ಕೆ ಎಪ್ಪತ್ತೈದು ಇರ್ಬೇಕು ಸಾರ್. ಮೂವತ್ತೊಂದಿದೆ! ಮಿಕ್ಕಿದ್ದು ಟರ್ಪೆಂಟೈನು. ಈ ಲಾಟು ಹೊರಗಿಂದ ಕೊಂಡ ಎಣ್ಣೆ, ತಂದುಕೊಟ್ಟೋನು ಬೆರೆಸಿದಾನೆ. ಹುಳುಕಡ್ಡಿ ಮುಲಾಮಿಗೆ ಹೋಗೋ ಮಾಲಿದು, ಸಿಟ್ರಾಲ್ ಇಲ್ದಿದ್ರೆ ಹುಳುಕಡ್ಡಿ ವಾಸಿಯಾಗಲ್ಲ, ಚರ್ಮ ಉರಿಯುತ್ತೆ ಅಷ್ಟೆ. ಬಣ್ಣದಂಗಡಿ ವಾಸ್ನೆ ಹೊಡೆಯುತ್ತೆ ಇದು. ಮೂಗಣ್ಣ ಹೇಗೆ ಬಿಟ್ಟ?"

ಹನ್ನೊಂದು ಗಂಟೆಗೆ ಪಂಚರ ಸಮಕ್ಷಮದಲ್ಲಿ ಇನ್‌ಸ್ಪೆಕ್ಟರು ಮೂಗಣ್ಣನ ಮೇಜಿನ ಮೇಲೆ ಒಂದು ಒದ್ದೆ ಕಾಗದದ ಪಟ್ಟಿ ಇಟ್ಟರು.

"ಇದೇನು ಹೇಳಿ."

ಮೂಗಣ್ಣ ಪಟ್ಟಿಯನ್ನೂ ಅವರ ಮುಖವನ್ನೂ ನೋಡಿದ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವನು ಪಟ್ಟಿಯನ್ನು ಮೂಗಿನ ಕೆಳಗೆ ಮೂರು ಸಲ ಆಡಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ ಹೇಳಿದ. "ನಿಂಬೆಹುಲ್ಲು. ಮೊದಲ ಕೊಯ್ಲಿಂದು. ಹದಿನೇಳನೇ ಲಾಟು. ಚೆನ್ನಾಗಿದೆ."

"ನಲ್ಲಿ ನೀರು" ಎಂದರು ಇನ್‌ಸ್ಪೆಕ್ಟರು.

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎನ್ನುತ್ತಾರೆ. ಇಲ್ಲಿ ಹಾಗೇ ಆಯಿತು, ಆದರೆ ಗೆದ್ದ ಸಂತೋಷ ಇನ್‌ಸ್ಪೆಕ್ಟರಿಗೆ ಆಗಲಿಲ್ಲ. ಮೂಗಣ್ಣ ಆ ಪಟ್ಟಿಯನ್ನು ಮತ್ತೆ ಮತ್ತೆ ಮೂಸುತ್ತಲೇ ಇದ್ದ. ಕೊನೆಗೆ ಅಕ್ಕ ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಜ್ವರ ಬಿಟ್ಟ ದಿನದಿಂದ ಸಾರ್. ಬರುತ್ತೆ ಬರುತ್ತೆ ಅಂತ ಕಾದೆ. ಚೀಟಿ ನೋಡ್ಕೊಂಡು ಬರೀತಾ ಬಂದೆ. 'ನಿನ್ ಮೂಗೇ ನನ್ ಕಾರ್ಖಾನೆ' ಅಂತಿದ್ರು ಮಾಲೀಕ್ರು. ನನ್ ಹೆಸ್ರು ಕೂಡ ಯಾರಿಗೂ ನೆನಪಿಲ್ಲ. ಮೂಗಿಲ್ದ ಮೂಗಣ್ಣ ಅಂದ್ರೆ ಏನ್ ಸಾರ್?"

"ಹುಡುಗಿ ಏನಂದ್ಲು?"

"'ಸಾರ್, ಇದು ಹೇಗೆ ನಿಮ್ಗೆ ಗೊತ್ತಾಗ್ಲಿಲ್ಲ?' ಅಂದ್ಲು. ಬೈದಿದ್ದಲ್ಲ, ಮರುಗಿ ಕೇಳಿದ್ದು. ಮಧ್ಯಾಹ್ನ ಮಾಲೀಕ್ರಿಗೆ ಹೇಳಲೇಬೇಕು ಅಂದ್ಲು. ಕರ್ಪೂರದ ಮಾದರಿ ತಗೊಳ್ಳೋಕೆ ಒಳಗೆ ಹೋದಾಗ ಬೀಗ ಹಾಕ್ದೆ. ಒಂದೇ ಒಂದು ಗಂಟೆ ಸಾರ್! ಬಾಟಲಿ ಬದಲಾಯಿಸಿ, ಚೀಟಿ ಹರಿದು, ನಾನೇ ತೆಗೀತೀನಿ ಅಂತ. ಗೇಟಿಗೆ ಮಾಲಿನ ಲಾರಿ ಬಂತು, ಅಲ್ಲಿಂದ ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ. ಹೊಸ್ತಿಲಲ್ಲಿ ಎಣ್ಣೆ ನನ್ನ ಪಾದಕ್ಕೇ ತಾಗಿತ್ತು. ನೀರು ಅಂದ್ಕೊಂಡೆ."

ಹನ್ನೆರಡೂ ಕಾಲಿಗೆ ದಸ್ತಗಿರಿ. ಒಂದೂ ಹತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಹುಡುಗಿ ಕಣ್ಣು ಬಿಟ್ಟಿದ್ದಳು, ಅಮ್ಮನ ಗುರುತು ಹಿಡಿದಿದ್ದಳು. ಸುದ್ದಿ ಕೇಳಿ ಮೂಗಣ್ಣ ಲಾಕಪ್ಪಿನ ಗೋಡೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ನಿಯಮದಂತೆ ಹೆಂಡತಿಗೆ ತಿಳಿಸಿದ್ದರು. ಮೂರು ಗಂಟೆಗೆ ಬಂದಳು. ಇನ್‌ಸ್ಪೆಕ್ಟರು ಒಂದೊಂದಾಗಿ ಹೇಳುತ್ತ ಹೋದರು. ಮೂಗಿನ ವಿಷಯಕ್ಕೆ ಬಂದಾಗ ಅವಳು ಕೈ ಎತ್ತಿ ತಡೆದಳು.

"ಏನಂದ್ರಿ? ವಾಸ್ನೆ ಗೊತ್ತಾಗಲ್ವಾ? ಅಷ್ಟೇನಾ?"

"ಯಾಕಮ್ಮಾ?"

"ಹೋದ ವರ್ಷ ಒಂದಿನ ಪೇಟೆಯಿಂದ ಬಂದೆ. ಅಡುಗೆಮನೇಲಿ ಗ್ಯಾಸ್ ಬಿಟ್ಟುಹೋಗಿ ಮನೆಯೆಲ್ಲ ತುಂಬಿದೆ. ಇವ್ರು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದಾರೆ. ಸಾಯೋಕೇ ಕೂತಿದಾರೆ ಅಂದ್ಕೊಂಡೆ ಸಾಹೇಬ್ರೇ. ಬಾಯಿಬಿಟ್ಟು ಕೇಳೋಕೆ ಧೈರ್ಯ ಬರ್ಲಿಲ್ಲ. ಕೇಳಿದ್ರೆ ಹೌದು ಅಂದ್ಬಿಟ್ರೆ? ಅವತ್ತಿಂದ ಚಾಕು ಬಚ್ಚಿಟ್ಟೆ, ಹಗ್ಗ ಬಚ್ಚಿಟ್ಟೆ, ಒಂದು ದಿನಾನೂ ಇವ್ರೊಬ್ರನ್ನೇ ಬಿಟ್ಟು ತೌರಿಗೆ ಹೋಗ್ಲಿಲ್ಲ."

ಅವಳು ಲಾಕಪ್ಪಿನ ಸರಳಿನ ಬಳಿಗೆ ಹೋಗಿ ನಿಂತಳು.

"ರೀ, ಬರೀ ಮೂಗಾ?" ಎಂದಳು. "ನಂಗೆ ಹೇಳ್ಬಾರದಿತ್ತಾ?"

ಇನ್‌ಸ್ಪೆಕ್ಟರು ಕೇಸ್ ಡೈರಿ ತೆರೆದು, ಅಪರಾಧದ ಕಾರಣ ಎಂಬಲ್ಲಿ 'ಕೆಲಸ ಹೋಗುವ ಭಯ' ಎಂದು ಬರೆದರು. ಅದು ಸಾಲದು ಎನ್ನಿಸಿತು, ಆದರೆ ಅಲ್ಲಿ ಜಾಗ ಒಂದೇ ಸಾಲಿನಷ್ಟಿತ್ತು. ಮೂಗಣ್ಣನ ಹೆಂಡತಿಗೆ ಒಂದು ಕುರ್ಚಿ ಹಾಕುವಂತೆ ಅಕ್ಕನಿಗೆ ಹೇಳಿದರು.