ಮೂವತ್ತೊಂದು ಹೆಸರು, ಒಂದೇ ನಂಬರು

ಒಂದರ ಹಿಂದೆ ಒಂದು ಮೂವತ್ತೊಂದು ಮೆಸೇಜು ಬಂದವು, ಎಲ್ಲವೂ ನನ್ನ ಫೋನಿಗೇ. ಕೌಂಟರ್ ಮೇಲಿದ್ದ ಫೋನು ಗುರ್‍ರೆನ್ನುತ್ತ ಅಂಚಿನವರೆಗೆ ಸರಿಯಿತು. ಇನ್ನೇನು ಬೀಳಬೇಕು, ವಿಜಯಮಹಾಂತೇಶ ಹಿಡಿದ.

"ನಮಸ್ಕಾರ ರೇಣುಕಾ, ನಿಮ್ಮ ತೊನ್ನಿನ ಚಿಕಿತ್ಸೆಗೆ ನಾಳೆ..." ಒಂದನ್ನು ಓದಿದ. ಎರಡನೆಯದನ್ನೂ ಓದಿದ. ಮೂರನೆಯದಕ್ಕೆ ಬೆರಳು ಹೋಗುವಷ್ಟರಲ್ಲಿ ಫೋನು ಕಸಿದುಕೊಂಡೆ. ಆ ಮೂವತ್ತೊಂದರಲ್ಲಿ ನನ್ನ ಹೆಸರಿನದೂ ಒಂದಿತ್ತು. ಅದನ್ನು ಅವನೊಬ್ಬ ಓದಬಾರದಿತ್ತು.

ಯಾಕೆ ಅಂದರೆ, ಅವನನ್ನು ನಾನು ಪ್ರೀತಿಸುತ್ತಿದ್ದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಾನು ಸುಶ್ಮಿತಾ. ಬ್ಯಾಡಗಿಯಿಂದ ದಿನಾ ಬಸ್ಸಿಗೆ ರಾಣೆಬೆನ್ನೂರಿಗೆ ಬಂದು, ಚರ್ಮದ ಡಾಕ್ಟರ್ ಭುವನಾ ಅವರ ಕ್ಲಿನಿಕ್ಕಿನ ಕೌಂಟರಿನಲ್ಲಿ ಆರು ವರ್ಷದಿಂದ ಕೂತವಳು. ಅವನು ಹಾವೇರಿಯವನು. ನಮ್ಮ ದಪ್ಪ ದಪ್ಪ ರಿಜಿಸ್ಟರುಗಳನ್ನು ಸಿಆರ್‌ಎಂ ಸಾಫ್ಟ್‌ವೇರಿಗೆ ಏರಿಸಲು ಹುಬ್ಬಳ್ಳಿಯ ಕಂಪನಿಯೊಂದು ಕಳಿಸಿದವನು. ಪೇಷಂಟಿನ ಹೆಸರು, ಫೋನು, ಕಾಯಿಲೆ, ಮುಂದಿನ ತಾರೀಖು ಎಲ್ಲ ಅದರೊಳಗೆ. ತಾರೀಖಿನ ಹಿಂದಿನ ದಿನ ಅದು ತಾನಾಗಿ ಪೇಷಂಟಿಗೆ ಮೆಸೇಜು ಕಳಿಸುತ್ತದೆ. ಬಂದ ದಿನವೇ ಗೋಡೆಗೆ ಪ್ಲಾನ್ ಅಂಟಿಸಿದ್ದ: ಮೊದಲ ವಾರ ಎಂಟ್ರಿ, ಎರಡನೇ ವಾರ ಟ್ರೇನಿಂಗ್, ಮೂರನೇ ವಾರ ತಪಾಸಣೆ, ಆಮೇಲಿನ ಸೋಮವಾರ ಶುರು.

"ಸೋಮವಾರ ಬ್ಯಾಡಗ್ಯಾಗ ಮೆಣಸಿನಕಾಯಿ ಪ್ಯಾಟಿ ಇರತೈತಿ. ಮೈ ಉರಿ ಅಂತ ಮಂದಿ ಇಲ್ಲಿ ಬಾಗಲಾ ಮುರೀತಾರ. ಅವತ್ತ ಯಾರರ ಹೊಸಾ ಕೆಲಸ ಹಚ್ಕೋತಾರೇನ್ರಿ?" ಅಂದಿದ್ದೆ.

"ನೀವ ಇರ್ತೀರಲ್ರಿ," ಅಂದು ಕಣ್ಣಲ್ಲೇ ನಕ್ಕಿದ್ದ. ನಾನು ಕೆಟ್ಟದ್ದು ಅವತ್ತೇ.

ಈಗ, ಮೂರನೇ ವಾರದ ಶುಕ್ರವಾರ, ಆ ಕಣ್ಣಲ್ಲಿ ನಗು ಇರಲಿಲ್ಲ. ತಪಾಸಣೆಯಲ್ಲಿ ಒಂದೇ ನಂಬರು ಮತ್ತೆ ಮತ್ತೆ ಕಂಡು, ಅದಕ್ಕಷ್ಟೇ ಪರೀಕ್ಷೆಯ ಮೆಸೇಜು ಬಿಟ್ಟವನು ಅವನೇ.

"ಮೂವತ್ತೊಂದು ಪೇಷಂಟು, ಒಂದ ನಂಬರು. ಅದೂ ನಿಮ್ಮದು. ಸುಳ್ಳ ಹೆಸರು ಬರದೀರೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಸುಳ್ಳ ಬರದು ನನಗೇನ ಬರೂದೈತಿ?"

"ನಾಳಿ ಡಾಕ್ಟರಿಗೆ ತಪಾಸಣಿ ವರದಿ ಕೊಡಬೇಕು. ಇದನ್ನ ಬರೀಲೇಬೇಕಾಗತೈತಿ."

"ಬರೀರಿ. ಬರಿಯೂಕಿಂತ ಮೊದಲ ಯಾಕಂತ ಒಂದ ಮಾತು ಕೇಳ್ರಿ."

ಅವನು ಪೆನ್ನು ಕೆಳಗಿಟ್ಟ. ನಾನು ದನಿ ತಗ್ಗಿಸಿದೆ.

"ಕದರಮಂಡಲಗಿ ಶೇಖವ್ವನ ಮಗಳಿಗೆ ವರಾ ನೋಡಾಕತ್ಯಾರ. ಮನ್ಯಾಗಿರೂದು ಒಂದ ಫೋನು, ಅದು ಅಣ್ಣನ ಕಿಸೇದಾಗ. ತೊನ್ನು ಅಂತ ಅದಕ್ಕೊಂದ ಮೆಸೇಜು ಹೋತಂದ್ರ ಸಂಜೀಕ ಊರಿಗೆಲ್ಲ ಗೊತ್ತಾಕ್ಕೈತಿ. ಇಂಥವ್ರು ಮೂವತ್ತು ಮಂದಿ ಅದಾರ. ಗೆಳತ್ಯಾರ ಫೋನಿಂದ ನನಗ ಹಚ್ಚತಾರ, ನಾ ತಾರೀಖು ಹೇಳ್ತೀನಿ. ಅದಕ್ಕ ರಿಜಿಸ್ಟರಿನ್ಯಾಗ ನನ್ನ ನಂಬರು ಬರದೇನಿ. ತಪ್ಪೇನು?"

ಅವನು ನನ್ನ ಫೋನಿನ ಕಡೆ ನೋಡಿದ. "ಕಾಯಿಲೆ ಹೆಸರು ಮೆಸೇಜಿನ್ಯಾಗ ಹಾಕಿದ್ದು ನಂದ ತಪ್ಪು," ಅಂದ. ಎದ್ದುಹೋಗಿ ಗೋಡೆಯ ಪ್ಲಾನಿನಲ್ಲಿ ಸೋಮವಾರದ ಮೇಲೆ ಗೀಟು ಎಳೆದ. "ಹತ್ತ ದಿನ ಮುಂದ ಹಾಕ್ತೀನಿ. ಮೆಸೇಜು ಕಳಸಬಾರದು ಅಂತ ಒಂದು ಖಾನೆ ಕೂಡಸ್ತೀನಿ. ಕಂಪನ್ಯಾಗ ಬೈಸ್ಕೊಂಡ್ರಾತು."

ನನ್ನ ಉಸಿರು ಹಗುರಾಯಿತು, ಒಂದೇ ಒಂದು ನಿಮಿಷ.

"ಆದ್ರ ಸಾಫ್ಟ್‌ವೇರಿಗೆ ಒಂದು ನಂಬರಂದ್ರ ಒಬ್ಬ ಮನಿಷ್ಯಾ. ನಾಳಿ ಮಧ್ಯಾಹ್ನ ನೀವೂ ನಾನೂ ಕೂಡಿ ಮೂವತ್ತೊಂದೂ ಫೈಲು ತಗದು ಬ್ಯಾರೆ ಬ್ಯಾರೆ ಮಾಡಬೇಕು."

ಎಂಟ್ರಿ ಮಾಡಿದವಳು ನಾನು, ಅವನು ಇಲ್ಲಿಯವರೆಗೆ ಯಾವ ಫೈಲಿನ ಒಳಗೂ ನೋಡಿರಲಿಲ್ಲ. ಹತ್ತೊಂಬತ್ತನೆಯದರಲ್ಲಿ ಇದ್ದವಳು ನಾನು. ಎರಡು ವರ್ಷದ ಹಿಂದೆ ನನ್ನ ಮದುವೆ ನಿಶ್ಚಯಕ್ಕೆ ನಾಲ್ಕು ದಿನ ಇದ್ದಾಗ ಹುಡುಗನಿಗೆ ಫೋನು ಮಾಡಿ ಎಲ್ಲ ಹೇಳಿದ್ದೆ. "ನಮ್ಮವ್ವಗ ಕೇಳಿ ಹೇಳ್ತೀನಿ" ಅಂದವನು ಮತ್ತೆ ಫೋನು ಎತ್ತಲೇ ಇಲ್ಲ. ಇನ್ನು ಯಾರಿಗೂ ಹೇಳುವುದಿಲ್ಲ ಅಂತ ಅವತ್ತೇ ನಿರ್ಧರಿಸಿದ್ದೆ.

ಶನಿವಾರ ಬೆಳಿಗ್ಗೆ ನಂಬರಿನ ವಿಷಯ ಡಾಕ್ಟರಿಗೆ ನಾನೇ ಹೇಳಿದೆ. "ಮೊದಲ ಹೇಳಬೇಕಿತ್ತಲ್ಲ ಸುಶ್ಮಿತಾ," ಅಂದರು, ಬೈಯಲಿಲ್ಲ. ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಮೇಲೆ ಒಂದೇ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕೂತೆವು. ಅವನ ಅಂಗಿಯ ತೋಳು ನನ್ನ ಕೈಗೆ ತಾಕುತ್ತಿತ್ತು. ನಾನು ಸರಿಯಲಿಲ್ಲ, ಅವನೂ ಸರಿಯಲಿಲ್ಲ.

"ಮೆಸೇಜು?" "ಬ್ಯಾಡ." "ಇದಕ್ಕ?" "ಇದಕ್ಕೂ ಬ್ಯಾಡ."

"ನನಗ ಒಂದಕ್ಕರ ಹೂಂ ಅಂತೀರೇನು ನೀವು?" ಅಂದ, ಪರದೆ ನೋಡುತ್ತಲೇ. ಕಿವಿ ಕೆಂಪಾಗಿತ್ತು ಅವನದು. ನನಗೆ ನಗು ಬಂತು, ನಗಲಿಕ್ಕೆ ಧೈರ್ಯ ಬರಲಿಲ್ಲ.

ಹತ್ತೊಂಬತ್ತನೆಯದು ಬಂದಾಗ ಮೌಸಿನ ಮೇಲಿದ್ದ ಅವನ ಕೈ ಹಿಡಿದೆ. "ಇದು ಕಡೀಕ ನೋಡೂಣು." ಅವನು ನನ್ನ ಕೈ ನೋಡಿದ, ಮುಖ ನೋಡಿದ, ಏನೂ ಕೇಳದೆ ಮುಂದಿನದಕ್ಕೆ ಹೋದ.

ಕ್ಲಿನಿಕ್ಕಿನ ಆಯಾ ಸುಗರಾಬಿ ಚಹಾ ತಂದಿಟ್ಟು, "ಅಷ್ಟ ಹತ್ರ ಕುಂತು ಅದೇನ ಓದ್ತೀರೋ ಯವ್ವಾ," ಅಂದು ಹೋದಳು. ಮೂವತ್ತು ಮುಗಿದವು. ಅಷ್ಟರಲ್ಲಿ ಅವನ ಕಂಪನಿಯಿಂದ ಫೋನು ಬಂದು ಹೊರಗೆ ಹೋದ. ಗಾಜಿನ ಬಾಗಿಲಿನಾಚೆ ಬೈಸಿಕೊಳ್ಳುತ್ತ, ತಲೆ ತಗ್ಗಿಸಿ ಹೂಂ ಹೂಂ ಅನ್ನುತ್ತಿದ್ದ.

ನನ್ನ ಮುಂದೆ ನನ್ನ ಫೈಲು. ಮೂಲೆಯಲ್ಲಿ ಡಿಲೀಟ್ ಬಟನ್ನು. ಒಂದು ಸಲ ಒತ್ತಿದರೆ ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಮೂರು ವರ್ಷದ ಫೋಟೋಗಳು, ಕಲೆ ಎಷ್ಟು ಕುಗ್ಗಿತು, ಎಷ್ಟು ಹರಡಿತು ಎಂದು ಡಾಕ್ಟರು ಬರೆದದ್ದೆಲ್ಲ ಹೋಗುತ್ತಿತ್ತು. ಬೆರಳು ಬಟನ್ನಿನ ಮೇಲೆ ಇಟ್ಟೆ. ಒತ್ತಿದರೆ ನಾಳೆಯೂ ಮುಚ್ಚಿಡಬೇಕು, ನಾಡಿದ್ದೂ ಮುಚ್ಚಿಡಬೇಕು, ಅವನ ಮುಂದೆ ಸೀರೆಯ ಸೆರಗು ಸರಿಸಲೂ ಅಂಜಬೇಕು. ಅದು ನನ್ನಿಂದಾಗದು ಅನಿಸಿತು. ಬೆರಳು ತೆಗೆದೆ.

ಅವನು ಒಳಗೆ ಬಂದ. "ಹತ್ತ ದಿನ ಕೊಟ್ಟಾರ. ಇನ್ನೊಮ್ಮಿ ಹಿಂಗಾದ್ರ ಕೆಲಸ ಹೊಕ್ಕೈತಿ ಅಂದ್ರು." ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತ. "ಉಳಿದದ್ದನ್ನ ನೀವ ತುಂಬ್ರಿ. ನಾ ನೋಡಂಗಿಲ್ಲ."

"ಯಾಕ?"

"ನಂಬರು ನಿಮ್ಮದು. ನೀವು ಮೂವತ್ತು ಅಂದ್ರಿ, ಇಲ್ಲಿ ಮೂವತ್ತೊಂದು ಅದಾವ."

ಅವನಿಗೆ ನಿನ್ನೆಯೇ ತಿಳಿದಿತ್ತು. ನನ್ನ ಮುಖ ಉರಿಯಿತು. "ನನಗ ಕನಿಕರ ತೋರಸಾಕತ್ತೀರೇನು?"

"ಕನಿಕರ ಅಲ್ರಿ, ಅಂಜಿಕಿ. ನಾ ನೋಡಿದ್ರ ನೀವು ಇನ್ನ ನನ್ನ ಕೂಡ ಮಾತಾಡಂಗಿಲ್ಲಂತ."

"ಈ ಕಡೆ ತಿರಗ್ರಿ."

ತಿರುಗಿದ. ನಾನು ಗಟ್ಟಿಯಾಗಿ ಓದಿದೆ. "ಸುಶ್ಮಿತಾ. ಇಪ್ಪತ್ತೇಳು ವರ್ಷ. ಬ್ಯಾಡಗಿ. ಎಡಮೊಣಕಾಲು, ಸೊಂಟದ ಬಲಕ್ಕ ಅಂಗೈಯಷ್ಟಗಲ. ಹೋಗಬಹುದು, ಹೋಗದನೂ ಇರಬಹುದು. ನಾಳಿ ಮಾರಿ ಮ್ಯಾಲೂ ಬರಬಹುದು. ಈಗ ಹೇಳ್ರಿ. ನೀವೂ ನಿಮ್ಮವ್ವಗ ಕೇಳಿ ಹೇಳಾವ್ರೇನು?"

"ಇಲ್ರಿ. ಅವ್ವಗ ಕೇಳಂಗಿಲ್ಲ, ಹೇಳ್ತೀನಿ."

"ಏನಂತ?"

"ಬ್ಯಾಡಗಿ ಹುಡುಗಿ ಮ್ಯಾಲ ಜೀವಾ ಇಟ್ಟೇನಿ ಅಂತ. ಆಕಿ ಒಪ್ಪಿದ್ರ ಆಕಿನ್ನ ಮದಿವಿ ಆಕ್ಕೀನಂತ."

ಕಣ್ಣು ತುಂಬಿ ಪರದೆಯ ಅಕ್ಷರ ಕಾಣದಾಯಿತು. ಒರೆಸಿಕೊಳ್ಳಲೂ ಇಲ್ಲ.

"ಹಂಗಾದ್ರ ಮೊದಲ ನಮ್ಮಪ್ಪಗ ಹೇಳ್ರಿ," ಅಂದೆ. "ಐದರ ಬಸ್ಸಿಗೆ ಹೊಂಟೇನಿ. ಬರ್ತೀರೇನು?"

ಅವನು ಎಷ್ಟು ಅವಸರದಿಂದ ಎದ್ದನೆಂದರೆ ಚಹಾದ ಲೋಟ ಉರುಳಿತು. ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದ.

"ತಡೀರಿ," ಅಂದೆ. ನನ್ನ ಫೈಲನ್ನು ಸೇವ್ ಮಾಡಿದೆ. ಆಮೇಲೆ ನಾನೇ ಮುಂದಾಗಿ ನಡೆದೆ.