ದುಪ್ಪಟ್ಟು ಸರಳು

ಆ ಒಂದು ಏಟಿಗೆ ಅಮೃತಾಳ ಬಲಗಿವಿ ಹೋಯಿತು. ಅಣ್ಣಿಗೇರಿಯ ಅಂಚಿನ ಹೊಸ ಕಾಲನಿಯಲ್ಲಿ ಅವಳು ಮನೆಗೆಲಸ ಮಾಡುತ್ತಿದ್ದಳು. ಬಂಗಾರದ ಸರ ಕದ್ದಳೆಂದು ಮನೆಯ ಯಜಮಾನ, ಕಾಳಿನ ವ್ಯಾಪಾರಿ ಮಡಿವಾಳೆಪ್ಪ ಅವಳನ್ನು ಜಡೆ ಹಿಡಿದು ಬೀದಿಗೆಳೆದು ಹೊಡೆದಿದ್ದ. ಆಮೇಲೆ ಸರ ಅವನದೇ ಮಂಚದ ಸಂದಿಯಲ್ಲಿ ಸಿಕ್ಕಿತು. ಕೇಳಲು ಹೋದ ಅವಳ ಅಣ್ಣ ಸಿದ್ದರಾಮನಿಗೆ ಮಡಿವಾಳೆಪ್ಪ, "ಸಿಕ್ತಲ್ಲಲೇ, ಇನ್ನೇನ? ನಡಿ," ಎಂದು ನಕ್ಕ.

ಸಿದ್ದರಾಮನೂ ನಕ್ಕು ಬಂದ. ಅವನು ಕಾಂಕ್ರೀಟ್ ಮೇಸ್ತ್ರಿ. ಕಾಲನಿಯ ಕಾಲುದಾರಿಗಳಿಗೆ ಕಬ್ಬಿಣದ ಸರಳು ಕಟ್ಟಿ ಹೊಸದಾಗಿ ಕಾಂಕ್ರೀಟ್ ಹಾಕುವ ಕೆಲಸ ಅವನ ಕೈಯಲ್ಲಿತ್ತು. ಕೊಲ್ಲುವುದು ಸುಲಭ, ಹೆಣ ಅಡಗಿಸುವುದು ಕಷ್ಟ ಎಂದು ಅವನಿಗೆ ಗೊತ್ತಿತ್ತು. ಅಡಗಿಸುವ ಜಾಗವನ್ನು ಮಡಿವಾಳೆಪ್ಪನೇ ಅಧ್ಯಕ್ಷನಾಗಿದ್ದ ಕಾಲನಿ ಸಂಘ ಒದಗಿಸಿತ್ತು.

ಅವನು ಆತುರಪಡಲಿಲ್ಲ. ಕಾಲನಿಯವರೆಲ್ಲ ಗುಡಗೇರಿಗೆ ಮದುವೆಗೆ ಹೋಗುವ ದಿನ ಆಳುಗಳಿಗೆ ರಜೆ ಕೊಟ್ಟ. ಕಾಲನಿಯ ಹಿಂದಿನ ಗೋಡೆಯ ಬಾಜು, ಮರುದಿನ ಕಾಂಕ್ರೀಟ್ ಬೀಳಲಿದ್ದ ದಾರಿಯಲ್ಲಿ ಸೊಂಟದಾಳ ಗುಂಡಿ ತೋಡಿ, ಕರಿಮಣ್ಣನ್ನು ಹೂವಿನ ಪಾತಿಗಳಿಗೆ ಹರಡಿದ. ಮಂಡಿನೋವಿನಿಂದ ಮನೆಯಲ್ಲೇ ಉಳಿದಿದ್ದ ಮಡಿವಾಳೆಪ್ಪನನ್ನು ಮಧ್ಯಾಹ್ನ ಹೋಗಿ ಕರೆದ.

"ಸಾವ್ಕಾರ್ರ, ಒಮ್ಮೆ ಬಂದ ಸರಳ ನೋಡ್ರಿ. ಆಮ್ಯಾಲ ತಪ್ಪ ತಗದ್ರ ನಾ ಕೇಳೂದಿಲ್ಲ."

"ನಿಂದೊಂದ ಕಾಟ ಲೇ. ನಡಿ."

ಗುಂಡಿಯ ಆಳ ಕಂಡು ಮಡಿವಾಳೆಪ್ಪ ತಿರುಗುವಷ್ಟರಲ್ಲಿ ಸರಳಿನ ತುಂಡು ಅವನ ಕಿವಿಗೆ ಅಪ್ಪಳಿಸಿತು. ಯಾವ ಕಿವಿ ಎಂಬುದನ್ನೂ ಸಿದ್ದರಾಮ ಮೊದಲೇ ಯೋಚಿಸಿದ್ದ. ಮುಂದಿನ ಏಟಿಗೆ ದವಡೆ ಮುರಿದು ಹಲ್ಲು ಉದುರಿದವು. "ತಪ್ಪಾತೋ..." ಎಂಬ ಮಾತು ರಕ್ತದೊಡನೆ ಹೊರಬಂತು. "ಆಕಿಗಿ ಹೇಳಬೇಕಿತ್ತು," ಎಂದು ಸಿದ್ದರಾಮ ತಲೆಗೆ ಹೊಡೆದ. ಕಾಲುಗಳ ಒದ್ದಾಟ ನಿಂತರೂ ಅವನ ಕೈ ನಿಲ್ಲಲಿಲ್ಲ.

ಹೆಣವನ್ನು ಗುಂಡಿಗೆ ತಳ್ಳಿದ. ಕರಿಮಣ್ಣು ತುಂಬಿದರೆ ಮುಂದೆ ಕುಸಿದೀತೆಂದು ಅದರ ಮೇಲೆ ಕಲ್ಲುಪುಡಿ ಬೆರೆತ ಗರಸು ಮಣ್ಣು ಸುರಿದು, ಗುದ್ದಿ ಬಿಗಿ ಮಾಡಿದ. ಅಲ್ಲಿಗಷ್ಟೇ ಎರಡು ಪದರ ಸರಳು ಕಟ್ಟಿದ. ಸತ್ತವನ ಮೊಬೈಲನ್ನು ಸ್ಟೇಶನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಯೊಳಗೆ ಎಸೆದ. ಮರುದಿನ ಆಳುಗಳು ಕಾಂಕ್ರೀಟ್ ಹಾಕಿದರು. ಪೊಲೀಸರು ಮೊಬೈಲಿನ ಬೆನ್ನು ಹತ್ತಿ ಗದಗ ದಾಟಿ ಎಲ್ಲೆಲ್ಲೋ ಅಲೆದರು. ದಾರಿಗೆ ನೀರು ಹಾಯಿಸುತ್ತ ಸಿದ್ದರಾಮ ನೆಮ್ಮದಿಯಾಗಿದ್ದ.

ಮಳೆಗಾಲ ಮುಗಿದು ಬಿಸಿಲು ಏರಿದಾಗ ಮಡಿವಾಳೆಪ್ಪನ ಹೆಂಡತಿ ಸಾವಿತ್ರೆವ್ವ ಅವನನ್ನು ಕರೆಸಿದಳು. ಈಗ ಸಂಘವನ್ನು ಅವಳೇ ನಡೆಸುತ್ತಿದ್ದಳು. ಕರಿಮಣ್ಣಿನ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ, ಹೊಸ ದಾರಿಯುದ್ದಕ್ಕೂ ಬಿರುಕು ಬಿಟ್ಟಿತ್ತು. ಅವಳು ಹಿಂದಿನ ಗೋಡೆಯ ಬಾಜು ಹೋಗಿ ನಿಂತಳು. "ಎಲ್ಲಾ ಬಿರದೈತಿ, ಇದೊಂದ ತುಂಡ ಅಗದಿ ಕಲ್ಲಿನಂಗ ಕುಂತೈತಿ ನೋಡಪಾ. ಇದರ ಬುಡಕ ಏನ ಹಾಕೀಯೋ, ತಳತನಕಾ ಅಗಿಸಿ ನೋಡೂಣು. ಉಳದದ್ದಕ್ಕೂ ಹಂಗ ಮಾಡ." "ಒಡೆಯೂದ ಬ್ಯಾಡ್ರಿ, ಏನ ಹಾಕೇನಂತ ನಾನ ಹೇಳ್ತೇನಿ," ಎನ್ನಲು ಸಿದ್ದರಾಮ ಬಾಯಿ ತೆರೆದ. ಅವಳು ಕರೆಸಿದ್ದ ಆಳು ಆಗಲೇ ಚಾಲೂ ಮಾಡಿದ್ದ ಕಾಂಕ್ರೀಟ್ ಒಡೆಯುವ ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.