ನಲವತ್ತನೆಯ ಗಂಟಿನ ಕೆಳಗೆ

ಕಾರಾಕುಂ ಮರಳುಗಾಡಿನಲ್ಲಿ ಈ ಬಾವಿಯನ್ನು ಒಬ್ಬನೇ ಒಳಗಿಳಿದು ತೋಡಿದವನು ನಮ್ಮಜ್ಜ ನೂರ್‌ಬೆರ್ದಿ. ಎಡಚನಾದ ಅವನು ಚಾಚಿದ ತನ್ನ ತೋಳುಗಳ ಮಾರಿಗೊಂದರಂತೆ ಒಂಟೆಗೂದಲ ಹಗ್ಗಕ್ಕೆ ಹಾಕಿದ ನಲವತ್ತು ಗಂಟುಗಳೇ, ಅವನು ಸತ್ತು ಮೂವತ್ತು ವರ್ಷವಾದರೂ, ನಮ್ಮೂರಿನ ಅಳತೆ. ತುದಿಯ ನಲವತ್ತನೆಯ ಗಂಟು ನೆನೆಯದೆ ಬಂದರೆ ಆ ವರ್ಷ ಯಾರೂ ಹೊಸ ಕೊಳವೆಬಾವಿ ಕೊರೆಸುವಂತಿಲ್ಲ.

ಆ ಮಧ್ಯಾಹ್ನ, ಮರಳಿಗೆ ಗೋಧಿ ಹೊಲ ವಿಸ್ತರಿಸುತ್ತಿದ್ದ ಚಾರಿ ಕೊರೆಯುವ ಲಾರಿಯನ್ನೇ ತಂದು ನಿಲ್ಲಿಸಿದ್ದ.

"ಬೇಗ ಇಳಿಸಕ್ಕಾ. ಈ ಹಳೇ ಹಗ್ಗಕ್ಕೇನು ಗೊತ್ತಾಗುತ್ತೆ?"

"ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ನೀರು ನೋಡಿರೋ ಹಗ್ಗ ಕಣೋ ಇದು. ಸುಮ್ನಿರು."

ವಾಡಿಕೆಯಂತೆ ಬಾವಿಯೊಳಕ್ಕೆ ಅಜ್ಜನ ಹೆಸರು ಕೂಗಿ, ಸಲಾಂ ಹೇಳಿ ಹಗ್ಗ ಇಳಿಸಿದೆ. ಕಾಲಡಿಯ ಮರಳು ಸುಡುತ್ತಿತ್ತು, ಕೈಯಲ್ಲಿನ ಹಗ್ಗ ಮಾತ್ರ ತಣ್ಣಗಾಗುತ್ತ ಬಂತು. ಕೆಳಗಿನಿಂದ ಅದನ್ನು ಯಾರೋ ಎರಡು ಸಲ ಜಗ್ಗಿದರು. ಬಾವಿ ತೋಡುವವರು 'ಮೇಲೆತ್ತು' ಎನ್ನುವುದು ಹಾಗೆಯೇ.

ಎತ್ತಿದೆ. ನಲವತ್ತನೆಯ ಗಂಟು ನೆಂದಿರಲಿಲ್ಲ. ಅಲ್ಲಿಗೇ ಮುಗಿಯಬೇಕಿದ್ದ ಹಗ್ಗ ಮುಂದುವರಿದಿತ್ತು; ಅದರ ತುದಿಯಲ್ಲಿ ಇನ್ನೊಂದು ಎಡಗೈ ಗಂಟು ತೊಟ್ಟಿಕ್ಕುತ್ತಿತ್ತು.

ಚಾರಿ ಲಾರಿ ತಿರುಗಿಸಿದ. ನಮ್ಮ ಮನೆಯ ಅಳತೆ ಎಂದೂ ತಪ್ಪಿಲ್ಲವೆಂದು ಎದೆಯುಬ್ಬಿಸಿಕೊಂಡೇ ನಾನು ಆ ಹೊಸ ತುಂಡನ್ನು ತೋಳು ಚಾಚಿ ಅಳೆದೆ. ನನ್ನ ಮಾರಿಗಿಂತ ಅದು ಒಂದು ಗೇಣು ಹೆಚ್ಚಿತ್ತು, ಅಜ್ಜನ ಉಳಿದ ನಲವತ್ತರಂತೆಯೇ.